ಪೇಂಟರ್ ಕೊಟ್ಟ ಏಣಿ

ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಹಾಲು ಕಾಯಲಿಟ್ಟು ಹಜಾರಕ್ಕೆ ಬಂದವಳ ಕಣ್ಣಿಗೆ ಬಿದ್ದದ್ದು ಏಣಿ. ಬಣ್ಣದ ಕಲೆ ಮೆತ್ತಿಕೊಂಡ, ಮಡಚುವ ಏಣಿ. ಸಮಾಧಾನ ಹೇಳಲು ಬಂದವರೆಲ್ಲ ಅದಕ್ಕೆ ಮೊಣಕೈ ತಾಗಿಸಿಕೊಂಡೇ ದಾಟಿದ್ದರು. ಇದಿಲ್ಲಿ ಯಾಕಿದೆ ಎಂದು ಕೇಳಲು ಯಾರಿಗೂ ಬಾಯಿ ಬಂದಿರಲಿಲ್ಲ.

ಕೆಳಮನೆಯ ಪೇಂಟರ್ ಹತ್ತಿರ ಅದನ್ನು ಎರವಲು ತಂದವನು ಅವಳ ಗಂಡ, ತಂದದ್ದು ಅವಳಿಗಾಗಿ. ಅವಳು ಪುರಾತತ್ವದ ಎಂ.ಎ. ಕೊನೆಯ ವರ್ಷದಲ್ಲಿದ್ದಳು. ನಾಲ್ಕು ಬೀದಿಯಾಚೆಯ ಖಾಲಿ ಜಾಗದಲ್ಲಿ ವಿಭಾಗದವರು ಅಗೆಯುತ್ತಿದ್ದರು. ಅವಳ ಗುಂಡಿಯಲ್ಲಿ ಹಳೆಯ ಮನೆಯೊಂದರ ನೆಲ ಸಿಕ್ಕಿತ್ತು, ಮೂಲೆಯಲ್ಲಿ ಸುಟ್ಟು ಕೆಂಪಾದ ಒಲೆ. ಪ್ರಬಂಧವೆಲ್ಲ ಅದರ ಮೇಲೆಯೇ. ಗುಂಡಿ ಮುಚ್ಚುವ ಮೊದಲು ಮೇಲಿನಿಂದ ಇಡೀ ನೆಲದ ಫೋಟೊ ತೆಗೆಯಬೇಕು, ಇಲ್ಲದಿದ್ದರೆ ಅಗೆದದ್ದಕ್ಕೆ ಸಾಕ್ಷಿಯೇ ಇಲ್ಲ. ಅವಳು ಹತ್ತಿದಳು, ಅವನು ಏಣಿ ಹಿಡಿದ. ಫೋಟೊ ನೋಡಿದ ಮೇಷ್ಟ್ರು, "ಒಲೆ ಸರಿ. ಈ ಚಪ್ಪಲಿ ಯಾವ ಕಾಲದ್ದು?" ಅಂದರು. ಗಂಡನ ಎಡಗಾಲು ಒಲೆಗೇ ಅಡ್ಡ ಬಂದಿತ್ತು. ಅವಳು ದಾರಿಯುದ್ದಕ್ಕೂ ಅವನನ್ನು ಬೈದಳು.

"ಇನ್ನೊಂದ್ಸಲ ತೆಗಿ. ಆಮೇಲೆ ಏಣಿ ಕೊಟ್ಟು ಬರ್ತೀನಿ," ಅಂದಿದ್ದ. ಮರುದಿನ ಆಫೀಸಿನಲ್ಲಿ ಎದೆ ಹಿಡಿದು ಕೂತವನು ಏಳಲಿಲ್ಲ.

ಹಾಲು ಉಕ್ಕುವ ಹೊತ್ತಿಗೆ ಮೇಷ್ಟ್ರ ಫೋನು. "ಜಾಗದ ಯಜಮಾನರು ಇವತ್ತು ಮಧ್ಯಾಹ್ನ ಮಣ್ಣು ತುಂಬಿಸ್ತಾರಂತೆ. ನೀವು ತಲೆ ಕೆಡಿಸ್ಕೋಬೇಡಿ. ಮುಂದಿನ ವರ್ಷ ಬೇರೆ ಕಡೆ ಅಗೆದರಾಯ್ತು."

"ಈಗಲೇ ಬಂದು ತೆಗೀತೀನಿ ಸರ್."

"ನಾನು ಊರಲ್ಲಿಲ್ಲ. ಹುಡುಗರೂ ರಜೆಗೆ ಹೋಗಿದ್ದಾರೆ. ಏಣಿ ಹಿಡಿಯೋರು ಯಾರಮ್ಮ?"

ಬಾಗಿಲಲ್ಲಿ ನಿಂತು ಫೋನಿನ ಮಾತು ಕೇಳಿಸಿಕೊಂಡಿದ್ದ ಅತ್ತೆ ಸೆರಗು ಸಿಕ್ಕಿಸಿಕೊಂಡರು. "ಏಣಿ ಹಿಡಿಯೋಕೂ ಡಿಗ್ರಿ ಬೇಕಂತಾ?"

"ನಿಮಗೆ ಮಂಡಿನೋವು."

"ಹತ್ತೋಳು ನೀನು. ನಿಂತ್ಕೊಳ್ಳೋಕೆ ನನಗೇನು ಧಾಡಿ?"

ಮುಂದೆ ಅವಳು, ಹಿಂದೆ ಅತ್ತೆ, ನಡುವೆ ಏಣಿ. ತಿರುವಿನಲ್ಲಿ ಅಂಗಡಿಯವನು, "ಎಲ್ಲಿಗೆ ಹೊರಟ್ರಿ ಅಮ್ಮ?" ಎಂದ. "ಅಡ್ಡ ನಿಂತೋರನ್ನ ಅಟ್ಟ ಹತ್ತಿಸೋಕೆ," ಅಂದರು ಅತ್ತೆ.

ಅವಳು ಗುಂಡಿಗಿಳಿದು, ಬಿದ್ದ ಎಲೆ ಹೆಕ್ಕಿ, ಕುಂಚದಿಂದ ನೆಲ ಗುಡಿಸಿ, ಹಿಮ್ಮುಖವಾಗಿ ಗುಡಿಸುತ್ತಲೇ ಮೇಲೆ ಬಂದಳು. ಅಳತೆಪಟ್ಟಿ ಇಟ್ಟಾಗಿತ್ತು. ಗುಂಡಿಯ ಅಂಚಿಗೆ ನಿಲ್ಲಿಸಿದ ಏಣಿ ಹತ್ತಿ ಕ್ಯಾಮೆರಾ ಹಿಡಿದು ಮುಂದಕ್ಕೆ ಬಾಗಿದಳು. ಒಲೆಗೆ ಅಡ್ಡವಾಗಿ ಐದು ಬೆರಳು.

"ಅತ್ತೆ, ಕಾಲು. ಫೋಟೊದಲ್ಲಿ ಬರ್ತಿದೆ."

"ಬರಲಿ ಬಿಡು. ನೀನು ಬಾಗಿದಾಗ ಇದು ಮುಗ್ಗರಿಸ್ತದೆ ಕಣೇ. ಕಾಲು ಅಡ್ಡ ಕೊಟ್ಟಿದ್ದೀನಿ. ತೆಗೆದರೆ ಒಲೆ ಮೇಲೇ ಬೀಳ್ತೀಯ."

ಅವಳು ಕ್ಯಾಮೆರಾ ಇಳಿಸಿದಳು. ಮೊದಲ ಫೋಟೊದಲ್ಲಿ ಆ ಚಪ್ಪಲಿ ಯಾಕೆ ಬಂತೆಂದು ಗಂಡ ಹೇಳಿರಲಿಲ್ಲ. ಬೈಸಿಕೊಂಡು ಸುಮ್ಮನೆ ಏಣಿ ಹೊತ್ತು ನಡೆದಿದ್ದ.

ಆಮೇಲೆ ಇಳಿದು, ಅಗೆದ ಮಣ್ಣನ್ನು ಎರಡು ಚೀಲಕ್ಕೆ ತುಂಬಿ ಎಳೆತಂದಳು. ಏಣಿಯ ಹಿಂದಿನ ಕಾಲುಗಳ ಅಡ್ಡಪಟ್ಟಿಯ ಮೇಲೆ ಅವನ್ನು ಹೇರಿ, "ಇದರ ಮೇಲೆ ಕೂತ್ಕೊಳ್ಳಿ," ಅಂದಳು.

"ಭಾರಕ್ಕಾ ನನ್ನನ್ನ ಕರ್ಕೊಂಡು ಬಂದಿದ್ದು?"

"ಹೂಂ."

"ಹಂಗಾದರೆ ಸರಿ. ಅದೊಂದಕ್ಕೆ ನನ್ನಲ್ಲಿ ಕೊರತೆಯಿಲ್ಲ."

ಮತ್ತೆ ಹತ್ತಿ, ಆದಷ್ಟು ಬಾಗಿದಳು. ಏಣಿ ಅಲ್ಲಾಡಲಿಲ್ಲ. ನೆಲ ಪೂರ್ತಿ ಬಂತು, ಒಲೆ ಪೂರ್ತಿ ಬಂತು. ಅಡ್ಡ ಏನೂ ಇರಲಿಲ್ಲ. ಬೆಳಕು ಬದಲಾಗುವವರೆಗೆ ತೆಗೆಯುತ್ತಲೇ ಇದ್ದಳು. ಮಣ್ಣಿನ ಲಾರಿ ಬಂದಾಗ ಅವರು ಏಣಿ ಮಡಚುತ್ತಿದ್ದರು.

ಪೇಂಟರ್ ಬಾಗಿಲಲ್ಲೇ ಬೇಡವೆಂದು ಕೈ ಅಲ್ಲಾಡಿಸಿದ. "ಇರಲಿ ತಂಗಿ, ಈಗೇನು ಅವಸರ? ಇನ್ನೊಂದಷ್ಟು ದಿನ ಇಟ್ಕೊಳ್ಳಿ."

"ಫೋಟೊ ಆದ ಮೇಲೆ ಕೊಡ್ತೀನಿ ಅಂದಿದ್ರು ಅವರು," ಅಂದಳು ಅವಳು. "ಆಯ್ತು."

ಏಣಿಯ ಕಾಲಿಗೆ ಮೆತ್ತಿದ್ದ ಮಣ್ಣನ್ನು ಹಳೇ ಬಟ್ಟೆಯಿಂದ ಒರೆಸಿ, ಅವನ ಬಣ್ಣದ ಡಬ್ಬಗಳ ಪಕ್ಕದ ಗೋಡೆಗೆ ಅದನ್ನು ಒರಗಿಸಿದಳು.