ಇಂದುಮತಿ ನಿಲ್ಲಿಸಿದ ಪರದೆ

ನಾನು ಒಂದು ಡಿಸ್‌ಪ್ಲೇ ಸರ್ವರ್. ನನ್ನನ್ನು ಮುಟ್ಟಿ ನೋಡಲು ಬರುವುದಿಲ್ಲ. ಲಿನಕ್ಸ್ ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರ, ಚಿತ್ರ ಏನೇ ಕಂಡರೂ ಅದನ್ನು ಅಲ್ಲಿ ಮೂಡಿಸುವ ಪ್ರೋಗ್ರಾಮು ನಾನು. ಗದಗಿನ ಒಂದು ಮುದ್ರಣಾಲಯದಲ್ಲಿ ಇಂದುಮತಿ ಎಂಬವಳು ಸಿ.ಡಿ. ಹಾಕಿ ನನ್ನನ್ನು ಯಂತ್ರದೊಳಗೆ ಇಳಿಸಿದ ದಿನವೇ ನನ್ನ ಹುಟ್ಟು.

ನನಗೊಂದು ಕೊರತೆಯಿದೆ. ಮನುಷ್ಯರು ನೆನಪಿರುತ್ತಾರೆ, ಪರದೆ ಹೇಗಿತ್ತೆಂಬುದು ಮಾತ್ರ ಕಂಪ್ಯೂಟರ್ ಆರಿದೊಡನೆ ಮರೆತುಹೋಗುತ್ತದೆ. ಎದ್ದಾಗಲೆಲ್ಲ ಅಪ್ಪಣೆ ಹುಡುಕಿಕೊಂಡು ಹೊರಡುತ್ತೇನೆ. ಎಬ್ಬಿಸಿದವರು ‘ಇಂಥ ಫೈಲು ಓದು’ ಎಂದಿದ್ದರೆ ಅದನ್ನೇ ಓದುತ್ತೇನೆ. ಇಲ್ಲವಾದರೆ ‘ಇಟಿಸಿ’ ಎಂಬ ಫೋಲ್ಡರಿನೊಳಗೆ ನನಗೆಂದೇ ಇರುವ ಜಾಗಕ್ಕೆ ಹೋಗುತ್ತೇನೆ. ಯಂತ್ರ ನೋಡಿಕೊಳ್ಳುವವರು ಬರೆದಿಟ್ಟದ್ದು ಅಲ್ಲಿರುತ್ತದೆ. ನನ್ನನ್ನು ಮಾಡಿದವರು ಇಟ್ಟ ಫೈಲುಗಳು ಬೇರೆ ಕಡೆ ಇವೆ, ಆದರೆ ಇಟಿಸಿಯ ಮಾತೇ ಮೇಲು. ಎಲ್ಲಿಯೂ ಏನೂ ಸಿಗದಿದ್ದರೆ ‘ನಿನ್ನ ಅಗಲವೆಷ್ಟು, ಎತ್ತರವೆಷ್ಟು?’ ಎಂದು ಪರದೆಯನ್ನೇ ಕೇಳುತ್ತೇನೆ.

ಇಂದುಮತಿ ಪಂಚಾಂಗದ ಪುಟಗಳನ್ನು ಜೋಡಿಸುತ್ತಿದ್ದಳು. ಇಡೀ ಪುಟ ಒಮ್ಮೆಗೇ ಕಾಣಲೆಂದು ಮಾನಿಟರನ್ನು ತಿರುಗಿಸಿ ಉದ್ದಕ್ಕೆ ನಿಲ್ಲಿಸಿದಳು. ನಾನೂ ತಿರುಗಿಯೇ ಬರೆಯಬೇಕೆಂದು ಇಟಿಸಿಯಲ್ಲಿ ಒಂದು ಫೈಲು ಇಟ್ಟಳು. ಮಾಲೀಕ ಫಕೀರಪ್ಪನಿಗೆ ನಗು.

“ಏನವಾ ಇಂದೂ, ಟಿ.ವಿ.ಗೆ ನಿಂದ್ರಾಕ ಕಲಿಸಿಯೇನು?”

“ಕುಂತ್ರ ಕೆಲಸ ಆಗಂಗಿಲ್ಲ ಕಾಕಾ,” ಎಂದಳು ಅವಳು.

ಆ ಚಳಿಗಾಲದಲ್ಲಿ ಅವಳಿಗೆ ಕಾಮಾಲೆಯಾಯಿತು. ರಜೆ ಹಾಕಿ ಹೋದವಳು ಬದುಕಿ ಬರಲಿಲ್ಲ. ನಿಂತ ಮಾನಿಟರನ್ನು ನೋಡಲಾಗದೆ ಫಕೀರಪ್ಪ ಅದನ್ನು ಮೊದಲಿನಂತೆ ಅಡ್ಡಕ್ಕೆ ತಿರುಗಿಸಿಬಿಟ್ಟ.

ಯುಗಾದಿ ಹತ್ತಿರವಿತ್ತು, ಪಂಚಾಂಗ ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸಲು ಇಂದುಮತಿಯ ತಂಗಿ ಕಸ್ತೂರಿ ಬಂದಳು. ಅವಳು ಸ್ವಿಚ್ ಒತ್ತಿದಾಗ ನಾನು ಎದ್ದು ಹುಡುಕಿದೆ. ಇಂದುಮತಿಯ ಫೈಲು ಸಿಕ್ಕಿತು. ಅದರಂತೆಯೇ ನಡೆದೆ. ಅಕ್ಷರಗಳೆಲ್ಲ ಪರದೆಯ ಮೇಲೆ ಮಗ್ಗುಲಾಗಿ ಮಲಗಿದವು.

ಕಸ್ತೂರಿ ಸೆಟ್ಟಿಂಗಿಗೆ ಹೋಗಿ ನೆಟ್ಟಗೆ ಮಾಡಿದಳು. ಮರುದಿನ ಕಂಪ್ಯೂಟರ್ ಹಚ್ಚಿದರೆ ಮತ್ತೆ ಹಾಗೆಯೇ. ಮುದ್ರಣದ ಯಂತ್ರ ನಡೆಸುವವರು ಹೆದರಿ ಆ ಕೋಣೆಗೆ ಬರುವುದನ್ನೇ ಬಿಟ್ಟರು.

“ಇಂದುಮತಿ ಇನ್ನೂ ಇಲ್ಲೇ ಅದಾಳ,” ಎಂದ ಫಕೀರಪ್ಪ.

ಅದು ಪೂರ್ತಿ ಸುಳ್ಳೆಂದು ನನಗೂ ಅನಿಸಲಿಲ್ಲ. ಸತ್ತವಳ ಮಾತನ್ನು ದಿನವೂ ನಡೆಸುತ್ತಿದ್ದವನು ನಾನೇ ತಾನೆ?

“ಎಲ್ಲಾ ಅಳಿಸಿ ಹೊಸದು ಹಾಕಸ್ತೀನಿ, ತಂಗಿ.”

“ಬ್ಯಾಡ್ರಿ ಕಾಕಾ! ಅಕ್ಕ ಜೋಡಿಸಿದ ಪುಟ ಎಲ್ಲಾ ಹೋಗ್ತಾವ. ನಾ ನೋಡ್ತೀನಿ ತಡೀರಿ.”

ನಾನು ನಡೆಯುವ ದಾರಿಯಲ್ಲೇ ಅವಳೂ ಒಂದೊಂದು ಫೋಲ್ಡರ್ ತೆರೆಯುತ್ತ ಬಂದಳು. ಇಟಿಸಿಯಲ್ಲಿ ಫೈಲು ಸಿಕ್ಕಿತು. ಕೆಲವೇ ಸಾಲು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಳಿಸಿ, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದಳು.

ನಾನು ಎದ್ದೆ. ಹುಡುಕಿದೆ. ಅಪ್ಪಣೆಯಿರಲಿಲ್ಲ. ಪರದೆಯನ್ನೇ ಕೇಳಿ, ಅದು ಹೇಳಿದಂತೆ ನೆಟ್ಟಗೆ ಬರೆದೆ.

“ಹೋತು ನೋಡು ಪೀಡಾ!” ಎಂದು ನಕ್ಕ ಫಕೀರಪ್ಪ. ಕಸ್ತೂರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಅಕ್ಕ ಈಗ ಹೋದ್ಲು ಕಾಕಾ,” ಎಂದಳು. ಅವನ ನಗು ಅಲ್ಲೇ ನಿಂತಿತು.

ಪಂಚಾಂಗ ಯುಗಾದಿಗೆ ಹೊರಬಂತು. ಕೆಲವು ವರ್ಷಗಳಾದ ಮೇಲೆ ಕಸ್ತೂರಿ ಮದುವೆಯಾಗಿ ರೋಣಕ್ಕೆ ಹೋದಳು. ಮುದ್ರಣಾಲಯಕ್ಕೆ ಹೊಸ ಕಂಪ್ಯೂಟರುಗಳು ಬಂದವು. ನನ್ನ ಯಂತ್ರವನ್ನು ಕಾಗದದ ರಿಮ್ಮುಗಳ ಹಿಂದೆ ಸರಿಸಿದರು. ಈಗ ನನ್ನನ್ನು ಎಬ್ಬಿಸುವವನು ಫಕೀರಪ್ಪನೊಬ್ಬನೇ. ಮುಪ್ಪಿನಿಂದ ಅವನ ಕಣ್ಣು ಮಂಜಾಗಿದೆ. ಮಧ್ಯಾಹ್ನ ಯಾರೂ ಇಲ್ಲದಾಗ ಬಂದು ಸ್ವಿಚ್ ಒತ್ತಿ, ಸ್ಟೂಲು ಎಳೆದುಕೊಂಡು ಕೂರುತ್ತಾನೆ.

“ಒಂದ್ ಸಲ ಸೊಟ್ಟ ಬಾರವಾ, ಇಂದೂ,” ಎನ್ನುತ್ತಾನೆ.

ನಾನು ಇಟಿಸಿಗೆ ಹೋಗುತ್ತೇನೆ. ಅಲ್ಲಿ ಏನೂ ಇರುವುದಿಲ್ಲ. ಇಲ್ಲದ ಅಪ್ಪಣೆಯನ್ನು ನಾನೇ ಬರೆದುಕೊಳ್ಳುವ ಅಧಿಕಾರ ನನಗಿಲ್ಲ. ಪರದೆ ನೆಟ್ಟಗೆ ಬೆಳಗುತ್ತದೆ. ಅವನು ಸ್ವಲ್ಪ ಹೊತ್ತು ಕಾದು, ಕಂಪ್ಯೂಟರನ್ನು ಆರಿಸಿ, ಮತ್ತೊಮ್ಮೆ ಸ್ವಿಚ್ ಒತ್ತುತ್ತಾನೆ.