ಹೆಲ್ಸಿಂಕಿಯಲ್ಲಿ ಗುರುಲಿಂಗವ್ವ

ಎಚ್ಚರವಾದಾಗ ಪಕ್ಕದ ಮಂಚ ಖಾಲಿಯಾಗಿತ್ತು. ಹೊದಿಕೆ ಮಡಿಚಿ ತಲೆದಿಂಬಿನ ಮೇಲೆ ಇಟ್ಟಿತ್ತು. ದಾನೇಶ್ವರಿ ಬಚ್ಚಲಿನ ಬಾಗಿಲು ತಟ್ಟಿದಳು. ಅದು ತಾನಾಗಿ ತೆರೆದುಕೊಂಡಿತು. ಒಳಗೆ ಅವ್ವ ಗುರುಲಿಂಗವ್ವ ಇರಲಿಲ್ಲ. ಗೂಟಕ್ಕೆ ಹಾಕಿದ್ದ ತನ್ನ ಸಮವಸ್ತ್ರದ ನೀಲಿ ಕೋಟು ಇರಲಿಲ್ಲ. ನಿನ್ನೆ ಸಂಜೆ ಗೆಳತಿಯೊಬ್ಬಳಿಂದ ಕೇಳಿ ತಂದಿದ್ದ ಹಿಮದ ಬೂಟುಗಳೂ ಇರಲಿಲ್ಲ. ಅವ್ವನ ಮೊಬೈಲು ಮಾತ್ರ ಮೇಜಿನ ಮೇಲಿತ್ತು.

ಕೈಗೆ ಸಿಕ್ಕ ಸ್ವೆಟರನ್ನೂ ಅದರ ಮೇಲೊಂದು ಜಾಕೀಟನ್ನೂ ತೊಟ್ಟು ಕೆಳಗೆ ಓಡಿದಳು. ಹೋಟೆಲಿನ ಕೌಂಟರಿನಲ್ಲಿದ್ದ ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು: "ಕೆಂಪು ಬಟ್ಟೆ ಉಟ್ಟವರಲ್ಲವೆ? ಬೆಳಕು ಹರಿದ ಮೇಲೆ ಹೋದರು. ನನಗೆ ಕೈಮುಗಿದು ಹೋದರು."

"ಯಾವ ಕಡೆ?"

ಹುಡುಗಿ ಭುಜ ಕುಣಿಸಿ ಗಾಜಿನ ಬಾಗಿಲಿನತ್ತ ನೋಡಿದಳು.

ಹೊರಗೆ ಚಳಿ ಮುಖಕ್ಕೆ ಹೊಡೆಯಿತು. ಉಸಿರು ಎಳೆದರೆ ಮೂಗಿನೊಳಗೆ ಮುಳ್ಳಾಡಿಸಿದಂತೆ. ಗಗನಸಖಿಯಾಗಿ ನಾಲ್ಕು ವರ್ಷದಿಂದ ದಾನೇಶ್ವರಿ ಈ ಊರಿಗೆ ಬಂದು ಹೋಗುತ್ತಿದ್ದಳು, ಆದರೆ ಅವಳಿಗೆ ಗೊತ್ತಿದ್ದದ್ದು ಈ ಹೋಟೆಲು, ಎದುರಿನ ಅಂಗಡಿ, ವಿಮಾನ ನಿಲ್ದಾಣದ ಬಸ್ಸು ಇಷ್ಟೇ. ಬರುವುದು, ಪರದೆ ಎಳೆದು ಮಲಗುವುದು, ಏಳುವುದು, ತುಟಿಗೆ ಬಣ್ಣ ಹಚ್ಚಿಕೊಂಡು ಮತ್ತೆ ಹಾರುವುದು. ಈಗ ಯಾವ ಬೀದಿಗೆ ಹೋಗಬೇಕೆಂದೇ ತಿಳಿಯಲಿಲ್ಲ. ಟ್ರಾಮಿನ ಹಳಿ ಹಿಡಿದು ನಡೆದಳು. ನಿಲ್ದಾಣದಲ್ಲಿ ನಿಂತ ಜನರ ನಡುವೆ ಹಣಿಕಿದಳು. ಬಿಳಿಯ ದೊಡ್ಡ ಚರ್ಚಿನ ಮೆಟ್ಟಿಲ ಮೇಲೆ ಹುಡುಕಿದಳು. ಗುಡಿಯೆಂದುಕೊಂಡು ಅವ್ವ ಅಲ್ಲಿ ಕೂತಿರಬಹುದೆನಿಸಿತ್ತು. ಇರಲಿಲ್ಲ.

ಇಳಕಲ್ಲಿನಿಂದ ಆಚೆಗೆ ಅವ್ವ ಕಂಡದ್ದೆಲ್ಲ ತವರೂರು ಬಾಗಲಕೋಟೆ, ಹುನಗುಂದ, ಬಾದಾಮಿ, ವರ್ಷಕ್ಕೊಮ್ಮೆ ಮಹಾಕೂಟ. ನೌಕರರ ತಂದೆತಾಯಿಗೆ ದೋಹಾದ ವಿಮಾನ ಕಂಪನಿ ಕೊಡುವ ಟಿಕೀಟಿನಲ್ಲಿ ಅವಳನ್ನು ಒಮ್ಮೆ ಕರೆತರಬೇಕೆಂದು ದಾನೇಶ್ವರಿ ಎರಡು ವರ್ಷ ಗಂಟುಬಿದ್ದಿದ್ದಳು. ಕೊನೆಗೆ ಅವ್ವ ಒಪ್ಪಿದ್ದು ಕಮತಗಿಯ ಸಂಬಂಧ ಬಂದ ಮೇಲೆ. ಹುಡುಗ ಬ್ಯಾಂಕಿನಲ್ಲಿ ಇದ್ದಾನೆ, ಮನೆತನ ಒಳ್ಳೆಯದು, ಆದರೆ ಹುಡುಗಿ ಈ ನೌಕರಿ ಬಿಡಬೇಕು. ಅಪ್ಪ ತೀರಿಕೊಂಡ ಮೇಲೆ ಮನೆ ನಡೆಸಿದ ಚಂದ್ರಶೇಖರಪ್ಪ ಕಾಕಾ ಈ ವಾರದೊಳಗೆ ಉತ್ತರ ಬೇಕೆಂದಿದ್ದ. "ಇಮಾನದಾಗ ಚಾ ಕೊಟ್ಟು ಎಂಜಲಾ ಎತ್ತೂದು ಎಷ್ಟ ದಿವಸ?" ಎಂದು ಅವ್ವನೆದುರೇ ಅಂದಿದ್ದ. ಅವ್ವ ಅವನಿಗೆ, "ಒಮ್ಮಿ ನೋಡಿ ಬರ್ತೇನಿ," ಎಂದಷ್ಟೇ ಹೇಳಿದ್ದಳು.

ಆದರೆ ನೋಡಬಾರದ್ದನ್ನೇ ನೋಡಿದಳು. ನಿನ್ನೆಯ ವಿಮಾನದಲ್ಲಿ ಒಬ್ಬ ಪ್ರಯಾಣಿಕ ಮತ್ತೊಂದು ಗ್ಲಾಸು ವಿಸ್ಕಿ ಕೇಳಿದ. ಅವನಿಗೆ ಆಗಲೇ ಸಾಕಷ್ಟಾಗಿತ್ತು. ದಾನೇಶ್ವರಿ ನಯವಾಗಿ ಇಲ್ಲವೆಂದಳು. ಅವನು ಮೊಣಕೈಯಿಂದ ಊಟದ ತಟ್ಟೆಯನ್ನು ತಳ್ಳಿದ. ಸಾರು ನೆಲಕ್ಕೂ ಅವನ ಬೂಟಿಗೂ ಚೆಲ್ಲಿತು. ಅವಳು ಮೊಣಕಾಲೂರಿ ಒರೆಸುತ್ತಿದ್ದಾಗ, ಸಾರು ತಾಗದ ಇನ್ನೊಂದು ಬೂಟನ್ನೂ ಅವನು ಮುಂದೆ ಚಾಚಿದ. ಅವಳು ಅದನ್ನೂ ಒರೆಸಿದಳು. ಎದ್ದು ನಿಂತಾಗ ಮೂರು ಸಾಲು ಹಿಂದೆ ಅವ್ವನ ಕಣ್ಣು ಕಂಡಿತು.

ಹೋಟೆಲಿಗೆ ಬಂದ ಮೇಲೆ ಅವ್ವ ಅದರ ಮಾತೆತ್ತಲಿಲ್ಲ. ಗಂಟು ಬಿಚ್ಚಿ ಕಟಿರೊಟ್ಟಿ, ಶೇಂಗಾಚಟ್ನಿ ತೆಗೆದು, "ಉಣ್ಣು," ಎಂದಳು. ದೀಪ ಆರಿಸಿ ಮಲಗಿದ ದಾನೇಶ್ವರಿಗೆ ಒಂದೇ ಯೋಚನೆ. ಬಿಟ್ಟುಬಿಡು ಎಂದು ಅವ್ವ ಒಂದು ಮಾತು ಅಂದರೆ ಸಾಕಿತ್ತು. ಬಿಟ್ಟುಬಿಡಬಹುದಿತ್ತು. ಆಮೇಲೆ ಯಾರೂ ತನ್ನನ್ನು ಕೇಳುವಂತಿರಲಿಲ್ಲ.

ಬೀದಿ ಇಳಿಜಾರಾಗಿ ಕೊನೆಗೆ ಬಯಲೊಂದಕ್ಕೆ ಬಂದು ನಿಂತಿತು. ಬಯಲಲ್ಲ, ಕಡಲು. ದಂಡೆಯಿಂದ ದೂರದ ನಡುಗಡ್ಡೆಯವರೆಗೆ ಹೆಪ್ಪುಗಟ್ಟಿ ಬೆಳ್ಳಗೆ ಹಾಸಿಕೊಂಡಿತ್ತು. ಅದರ ಮೇಲೆ ಜನ ನಾಯಿ ಹಿಡಿದು ಅಡ್ಡಾಡುತ್ತಿದ್ದರು, ಮಕ್ಕಳು ಜಾರುತ್ತಿದ್ದರು. ನಡುವೆ ಅಲ್ಲಲ್ಲಿ ಮೀನು ಹಿಡಿಯುವವರು ಕೂತಿದ್ದರು. ಅವರಲ್ಲೊಬ್ಬನ ಪಕ್ಕ ನೀಲಿ ಕೋಟು, ಅದರ ಕೆಳಗೆ ಇಳಕಲ್ಲ ಸೀರೆಯ ಕೆಂಪು.

ದಾನೇಶ್ವರಿ ಮಂಜುಗಡ್ಡೆಯ ಮೇಲೆ ಕಾಲಿಟ್ಟು ತಡೆದಳು. ಮತ್ತೆ ಇಟ್ಟಳು. ಜಾರುತ್ತ ತಡವರಿಸುತ್ತ ಅಲ್ಲಿಗೆ ಮುಟ್ಟುವಷ್ಟರಲ್ಲಿ ಕಣ್ಣಿನ ನೀರು ಕೆನ್ನೆಯ ಮೇಲೆ ಚುಚ್ಚುತ್ತಿತ್ತು.

"ಎದ್ದೇನು?" ಎಂದಳು ಗುರುಲಿಂಗವ್ವ. ಅವಳು ಮುದುಕನೊಬ್ಬನ ಮಡಿಚುವ ಸ್ಟೂಲಿನ ಮೇಲೆ ಕೂತಿದ್ದಳು. ಮುದುಕ ತಲೆಕೆಳಗಾದ ಬಕೀಟಿನ ಮೇಲೆ ಕೂತು, ಮಂಜಿನಲ್ಲಿ ಕೊರೆದ ತೂತಿನೊಳಗೆ ದಾರ ಇಳಿಬಿಟ್ಟಿದ್ದ. ಅವನ ಕೈಯಲ್ಲಿ ಅರ್ಧ ತಿಂದ ಶೇಂಗಾಹೋಳಿಗೆ ಇತ್ತು.

"ಯವ್ವಾ, ನನಗ ಹೇಳದ ಹಿಂಗ ಬರ್ತಾರೇನು? ಮೊಬೈಲ್ ಸೈತ ಬಿಟ್ಟು ಬಂದಿ. ನಾ ಎಲ್ಲೆಲ್ಲಿ ಹುಡುಕ್ಲಿ?"

"ನೀ ಮಲಕೊಂಡಿದ್ದಿ. ಭಾಳ ದಣಿದಿದ್ದಿ ಅಂತ ಎಬ್ಬಿಸಲಿಲ್ಲ. ಕಿಡಕ್ಯಾಗಿಂದ ನೋಡಿದೆ, ನೀರಿನ ಮ್ಯಾಲ ಮಂದಿ ನಡದಿತ್ತು. ಖರೇನೋ ಏನೋ ಅಂತ ನೋಡಾಕ ಬಂದೆ." ಅವಳು ಬೂಟಿನ ಹಿಮ್ಮಡಿಯಿಂದ ಮಂಜುಗಡ್ಡೆಯನ್ನು ಮೆಲ್ಲಗೆ ತಟ್ಟಿದಳು. "ಗಟ್ಟಿ ಐತಿ."

ಮುದುಕ ತನ್ನ ಭಾಷೆಯಲ್ಲಿ ಏನೋ ಹೇಳಿ ಎದ್ದು, ಬಕೀಟನ್ನು ದಾನೇಶ್ವರಿಯತ್ತ ಸರಿಸಿ, ಕಾಲು ಸಡಿಲಿಸಿಕೊಳ್ಳುವವನಂತೆ ಆಚೆ ಹೋಗಿ ನಿಂತ. ಅವಳು ಕೂತಳು. ಅವ್ವ ತೂತಿನೊಳಗಿನ ಕಪ್ಪು ನೀರನ್ನು ನೋಡುತ್ತಿದ್ದಳು.

"ನನ್ನ ತವರಮನಿ ಹಿಂಗ ನೀರಿನ ಬುಡಕ ಐತಿ," ಎಂದಳು. ಹಳೇ ಬಾಗಲಕೋಟೆಯ ಹೊಳೆ ಕಡೆಯ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದಾಗ ದಾನೇಶ್ವರಿ ಇನ್ನೂ ಕೂಸು. "ಜಗಲಿ, ಪಡಸಾಲಿ, ಎಲ್ಲಾ. ಬಸ್ಸಿನ್ಯಾಗ ಹೋಗುವಾಗ ಆ ಕಡಿ ಹೊಳ್ಳಿ ನೋಡೂದು ಬಿಟ್ಟಿದ್ದೆ. ಇಲ್ಲಿ ಕುಂತಾಗ ಯಾಕೋ ಅಷ್ಟು ಸಂಕಟ ಆಗಲಿಲ್ಲ."

ದಾನೇಶ್ವರಿ ಬಕೀಟನ್ನು ಅವ್ವನ ಹತ್ತಿರಕ್ಕೆ ಸರಿಸಿಕೊಂಡಳು.

"ಯವ್ವಾ, ನಿನ್ನಿ ಇಮಾನದಾಗ..."

"ನೋಡಿದೆ."

"ಏನೂ ಅನ್ನಲಿಲ್ಲ ನೀ."

"ಏನನ್ಲಿ? ಅಂವನ ಮ್ಯಾಲ ನಿನಗ ಸಿಟ್ಟು ಬಂದಿತ್ತಲ್ಲ?"

"ಬಂದಿತ್ತು."

"ತೋರಿಸಲಿಲ್ಲ."

"ತೋರಿಸಿದ್ರ ನೌಕರಿ ಹೋಗ್ತೈತಿ."

ಗುರುಲಿಂಗವ್ವ ಸೆರಗನ್ನು ಕಿವಿಯ ಮೇಲೆ ಬಿಗಿಯಾಗಿ ಎಳೆದುಕೊಂಡಳು. "ನಿಮ್ಮ ಅಜ್ಜಿ ಮುಂದ ನಾನೂ ಇಪ್ಪತ್ತು ವರ್ಷ ತೋರಿಸಲಿಲ್ಲ. ನನಗೇನು ಯಾರೂ ಅದಕ್ಕ ಪಗಾರ ಕೊಡಲಿಲ್ಲ."

ದಾನೇಶ್ವರಿಗೆ ನಗು ಬಂತು. ಅವ್ವ ನಗಲಿಲ್ಲ.

"ನನಗ ಸಂಕಟ ಆತು. ಸುಳ್ಳ ಯಾಕ ಹೇಳ್ಲಿ. ರಾತ್ರಿ ನಿದ್ದಿ ಬರಲಿಲ್ಲ."

"ಹಂಗಾದ್ರ ಬಿಡು ಅನ್ನು. ಬಿಟ್ಟುಬಿಡ್ತೇನಿ."

ಅವ್ವ ಮೊದಲ ಸಲ ಅವಳತ್ತ ತಿರುಗಿ ನೋಡಿದಳು. "ನಾ ಹೇಳ್ಲಿ ಅಂತ ಇಷ್ಟು ದೂರ ಕರಕೊಂಡು ಬಂದಿಯೇನು, ದಾನವ್ವ?"

ಅವಳು ತಲೆ ಬಗ್ಗಿಸಿದಳು.

"ನನ್ನ ಲಗ್ನಾ ನಮ್ಮಪ್ಪ ಹೇಳಿದ, ಮಾಡಕೊಂಡೆ. ಮುಂದ ಏನ ಆದ್ರೂ ಅಪ್ಪ ಅಂದಿದ್ದ ಅಂತ ಅವನ ಮ್ಯಾಲ ಹಾಕ್ತಿದ್ದೆ. ಅಂವ ಸತ್ತ ಮ್ಯಾಲೂ ಹಾಕಿದೆ. ನನ್ನ ಮ್ಯಾಲ ಹಂಗ ಹಾಕಬ್ಯಾಡ ನೀ. ಬಿಟ್ರೂ ನೀನ ಬಿಡು, ಇಟಗೊಂಡ್ರೂ ನೀನ ಇಟಗೋ."

ಜೇಬಿನಲ್ಲಿ ಫೋನು ಅಲುಗಿತು. ಕಾಕಾ. ಊರಿನಲ್ಲಿ ಈಗ ಮಧ್ಯಾಹ್ನದ ಊಟದ ಹೊತ್ತು. ದಾನೇಶ್ವರಿ ಫೋನನ್ನು ಅವ್ವನತ್ತ ಚಾಚಿದಳು. ಗುರುಲಿಂಗವ್ವ ಎರಡೂ ಕೈಗಳನ್ನು ಕೋಟಿನ ಜೇಬಿನೊಳಗೆ ಇಟ್ಟುಕೊಂಡಳು.

"ಕಾಕಾ, ನಾ ದಾನೇಶ್ವರಿ."

"ಮುಟ್ಟಿದ್ರೇನವಾ? ಥಂಡಿ ಭಾಳ ಐತೇನು? ಕಮತಗಿಯವರು ಫೋನ್ ಮಾಡಿದ್ರು. ಏನ ಹೇಳ್ಲಿ?"

ಎದುರಿಗೆ ಮುದುಕ ಕೈಗಳನ್ನು ಬಾಯಿಗೆ ಹಿಡಿದು ಉಸಿರು ಊದಿಕೊಳ್ಳುತ್ತಿದ್ದ. ಅವಳು ನಿನ್ನೆಯ ಬೂಟನ್ನು ನೆನೆದಳು. ಅದರ ಜೊತೆಗೇ, ವಿಮಾನ ಮೋಡ ದಾಟಿ ಮೇಲೇರಿದಾಗ ಕಿಟಕಿಯೊಳಗೆ ಒಮ್ಮೆಲೇ ತುಂಬುವ ಬೆಳಕೂ, ಮೊದಲ ಸಂಬಳದ ದಿನ ದೋಹಾದ ಬೀದಿಯಲ್ಲಿ ಒಬ್ಬಳೇ ನಡೆದಾಡಿದ್ದೂ ನೆನಪಾದವು.

"ನಾ ನೌಕರಿ ಬಿಡೂದಿಲ್ಲ, ಕಾಕಾ. ಅವರು ಹಂಗ ಒಪ್ಪಿದ್ರ ನೋಡೂಣು. ಇಲ್ಲಂದ್ರ ಬ್ಯಾಡ ಅನ್ರಿ."

ಆ ತುದಿಯಲ್ಲಿ ಸೀರೆ ನೇಯುವ ಮಗ್ಗಗಳು ಸದ್ದು ಮಾಡುತ್ತಿದ್ದವು. ಕಾಕಾ, "ನಿಮ್ಮವ್ವಗ ಕೊಡು," ಎಂದ.

"ಅವ್ವ ಇಲ್ಲೇ ಅದಾಳ. ಆಕಿಗೂ ಗೊತ್ತೈತಿ."

"ಹೂಂ. ನಿನ್ನ ಮುಂದ ಹೇಳೂದೇನೈತಿ ಇನ್ನ," ಎಂದು ಕಾಕಾ ಫೋನಿಟ್ಟ. ಸಿಟ್ಟೋ ಬೇಸರವೋ ತಿಳಿಯಲಿಲ್ಲ. ಊರಿಗೆ ಹೋದಾಗ ಕೇಳಬೇಕಾದ ಮಾತುಗಳು ಇನ್ನೂ ಇದ್ದವು.

ಅವಳು ಫೋನನ್ನು ಜೇಬಿಗೆ ಹಾಕಿದಳು. ಗುರುಲಿಂಗವ್ವ ಅವಳ ಕೈ ಹಿಡಿದು ಕೋಟಿನ ಜೇಬಿನೊಳಗೆ ತನ್ನ ಕೈಯ ಜೊತೆ ಸೇರಿಸಿಕೊಂಡಳು. ಮುದುಕ ಮರಳಿ ಬಂದು ದಾರ ಹಿಡಿದ. ಅವ್ವ ಸ್ಟೂಲಿನಿಂದ ಎದ್ದು ಅವನಿಗೆ ನಮಸ್ಕಾರ ಮಾಡಿದಳು. ಅವನು ಟೊಪ್ಪಿಗೆ ಎತ್ತಿದ.

"ಆ ನಡುಗಡ್ಡಿ ಮ್ಯಾಲ ಏನೈತಿ?"

"ಗೊತ್ತಿಲ್ಲ ಯವ್ವಾ. ನಾ ಎಂದೂ ಹೋಗಿಲ್ಲ."

"ನಿನ್ನ ಇಮಾನ ಎಷ್ಟಕ್ಕ?"

"ಸಂಜಿಗೆ."

"ಹಂಗಾದ್ರ ನಡಿ."

ಅವ್ವ ಮುಂದಾದಳು. ನೆಲ ನೋಡದೆ, ಸಂತೆಗೆ ಹೊರಟವಳಂತೆ ನಡೆದಳು. ಹಿಮದಲ್ಲಿ ಎಳೆದಾಡಿ ತೊಯ್ದ ಸೀರೆಯ ಅಂಚು ಚಳಿಗೆ ಸೆಟೆದಿತ್ತು. ಗಾಳಿ ನಿಂತ ಆ ಬಯಲಿನಲ್ಲಿ ಅದು ಹೆಜ್ಜೆ ಹೆಜ್ಜೆಗೂ ಗಂಜಿ ಹಾಕಿದ ಹೊಸ ಸೀರೆಯ ಹಾಗೆ ಸರಕ್ ಸರಕ್ ಎನ್ನುತ್ತಿತ್ತು. ದಾನೇಶ್ವರಿ ಅದನ್ನು ಕೇಳುತ್ತ ಹಿಂದೆ ನಡೆದಳು.