ರಜೆ ಹಾಕದ ಉಬ್ಬಸವೂ ಲೆಕ್ಕಕ್ಕೆ ಬರಲಿ

ದೇವೇಂದ್ರಪ್ಪನವರು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ಮನೆ ದೇಶದ ರಾಜಧಾನಿಯ ಪಕ್ಕದ ಇಂದಿರಾಪುರಂನಲ್ಲಿ, ಒಂಬತ್ತನೇ ಮಹಡಿ. ಫೈಲಿನಲ್ಲಿ ಒಂದು ಕಾಲಂ ಖಾಲಿ ಬಿಟ್ಟರೂ ವಾಪಸ್ ಕಳಿಸುವ ಮನುಷ್ಯ. ಅವರಿಗೆ ಅಸ್ತಮಾ ಇದೆ. ಇನ್‌ಹೇಲರ್ ದಿನವೂ ತಪ್ಪದೆ ತೆಗೆದುಕೊಳ್ಳುತ್ತಾರೆ. ಆದರೂ ಇತ್ತೀಚೆಗೆ ನಾಲ್ಕು ಮಾತು ಆಡುವಷ್ಟರಲ್ಲಿ ಏದುಸಿರು ಬರುತ್ತದೆ.

ಈ ಸಲ ಆಸ್ಪತ್ರೆಯಲ್ಲಿ ಒಂದು ಹೊಸ ಫಾರಂ ಕೊಟ್ಟರು. ತೀವ್ರ ಅಸ್ತಮಾದ ಸಂಶೋಧನೆಗೆಂದು ಹಲವು ಆಸ್ಪತ್ರೆಗಳು ಸೇರಿ ಮಾಡಿದ ಫಾರಂ ಅದು. ಬೇರೆಯವರ ಫೈಲನ್ನು ಮೂರು ಸಲ ಓದುವ ದೇವೇಂದ್ರಪ್ಪನವರು ಮನೆಗೆ ತಂದ ತಮ್ಮ ಫಾರಂನ ಪ್ರಶ್ನೆಯನ್ನು ಅರ್ಧ ಓದಿದರು. ವರ್ಷದಲ್ಲಿ ಉಬ್ಬಸ ಜೋರಾದದ್ದು ಎಷ್ಟು ಸಲ ಎಂಬಲ್ಲಿ 'ಒಂದು' ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿದರು.

ಅದೇ ಆಸ್ಪತ್ರೆಯ ನರ್ಸ್ ಶೈಲಜಾ ಇರುವುದು ಎದುರಿನ ಟವರ್‌ನಲ್ಲಿ. ಭಾನುವಾರ ಫಾರಂ ಒಯ್ಯಲು ಬಂದವರು ಅದನ್ನು ನೋಡಿ ಕೇಳಿದರು.

"ಒಂದೇ ಸಲಾನಾ ಸರ್?"

"ಒಂದೇ ಅಮ್ಮಾ. ಉಬ್ಬಸ ಅಂತ ರಜೆ ಹಾಕಿದ್ದು ಒಂದೇ ಸಲ."

ಹೆಂಡತಿ ರತ್ನಪ್ರಭಾ ಅಡುಗೆಮನೆಯಿಂದ ಈಚೆ ಬಂದರು. "ರಜೆ ಲೆಕ್ಕ ಯಾರು ಕೇಳಿದ್ರು ರೀ? ಮಾರ್ಚ್‌ನಲ್ಲಿ ಸ್ಟೀರಾಯ್ಡ್ ಮಾತ್ರೆ ತಿಂದ್ರಿ. ಮಳೆಗಾಲದಲ್ಲಿ ತಿಂದ್ರಿ. ದಸರಾ ಆದ್ಮೇಲೆ ತಿಂದ್ರಿ. ದೀಪಾವಳಿಗೆ ಕೆಮಿಸ್ಟ್ ಭಯ್ಯಾ ಕೊಟ್ಟ ಅಂತ ಮತ್ತೆ ಐದು ದಿನ!"

"ಆಫೀಸಿಗೆ ಹೋಗಿದ್ದೆನಲ್ಲ?"

"ಹೋಗಿದ್ರಿ. ಮೆಟ್ರೋ ಮೆಟ್ಟಿಲ ಮೇಲೆ ಕೂತು ಮಾತು ಹೊರಡದೆ ನಂಗೆ ಫೋನ್ ಮಾಡಿದ್ರಿ. ನಂಗೆ ಭಯ ಆಗತ್ತೆ ರೀ."

ದೇವೇಂದ್ರಪ್ಪನವರು ಬಗ್ಗಲಿಲ್ಲ. "ಒಂದಾದ್ರೇನು, ನಾಲ್ಕಾದ್ರೇನು? ಇದು ಸಂಶೋಧನೆಯವರ ಕಾಗದ. ನಮ್ಮ ಹೆಸರು ಎಲ್ಲೆಲ್ಲಿಗೋ ಹೋಗತ್ತೆ, ಅಷ್ಟೇ."

"ಸಂಶೋಧನೆಯವರಿಗೆ ಹೆಸರು ಹೋಗಲ್ಲ ಸರ್, ಒಂದು ನಂಬರ್ ಹೋಗತ್ತೆ," ಎಂದರು ಶೈಲಜಾ. "ಬೇಡ ಅಂದ್ರೂ ನಿಮ್ಮ ಚಿಕಿತ್ಸೆ ನಿಲ್ಲಲ್ಲ. ಆದ್ರೆ ಕೊಟ್ರೆ ಸರಿಯಾಗಿ ಕೊಡಿ. ನೀವು ರಜೆ ಎಣಿಸ್ತೀರಿ. ಇನ್ನೊಬ್ಬರು ಅಡ್ಮಿಟ್ ಆಗಿದ್ದು ಮಾತ್ರ ಎಣಿಸ್ತಾರೆ. ಮತ್ತೊಬ್ಬರು ಕೆಮ್ಮು ಬಂದದ್ದನ್ನೂ ಸೇರಿಸ್ತಾರೆ. ಇದನ್ನೆಲ್ಲ ಕೂಡಿಸಿದ್ರೆ ಏನು ಗೊತ್ತಾಗತ್ತೆ? ಅದಕ್ಕೇ ಎಲ್ಲ ಆಸ್ಪತ್ರೇಲೂ ಒಂದೇ ಪ್ರಶ್ನೆ, ಒಂದೇ ಅಳತೆ."

ಅವರು ಪ್ರಶ್ನೆಯನ್ನು ಪೂರ್ತಿ ಓದಿ ಹೇಳಿದರು. ಉಬ್ಬಸ ಹೆಚ್ಚಾಗಿ ಸ್ಟೀರಾಯ್ಡ್ ಮಾತ್ರೆಯನ್ನು ಮೂರು ದಿನ ಅಥವಾ ಅದಕ್ಕಿಂತ ಹೆಚ್ಚು ತಿಂದದ್ದು ಎಷ್ಟು ಸಲ? ತುರ್ತು ಚಿಕಿತ್ಸೆಗೆ ಹೋದದ್ದು ಎಷ್ಟು ಸಲ?

"ಇದನ್ನ ನಿಮ್ಮ ಡಾಕ್ಟರೂ ನೋಡ್ತಾರೆ ಸರ್. ಒಂದು ಅಂತ ಇದ್ರೆ, ಈಗಿನ ಔಷಧಿಯೇ ಸಾಕು ಅಂದ್ಕೋತಾರೆ."

ದೇವೇಂದ್ರಪ್ಪನವರು ಮುಚ್ಚಿಟ್ಟ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು. ರತ್ನಪ್ರಭಾ ಔಷಧಿ ಅಂಗಡಿಯ ಚೀಟಿಗಳನ್ನೂ ಖಾಲಿ ಮಾತ್ರೆ ಪಟ್ಟಿಗಳನ್ನೂ ತಂದು ಮೇಜಿನ ಮೇಲೆ ಹರಡಿದರು. ಎಣಿಸಿದರೆ ನಾಲ್ಕು ಸಲ. ಆಫೀಸರ್ ಸಾಹೇಬರು 'ಒಂದು' ಹೊಡೆದುಹಾಕಿ, 'ನಾಲ್ಕು' ಎಂದು ಬರೆದು, ಕಚೇರಿಯ ರೂಢಿಯಂತೆ ಪಕ್ಕದಲ್ಲಿ ಸಹಿಯನ್ನೂ ಮಾಡಿದರು.

ಮಂಗಳವಾರ ಡಾಕ್ಟರು ಫಾರಂ ನೋಡಿ ಹುಬ್ಬೇರಿಸಿದರು. "ನಾಲ್ಕು ಸಲವೇ? ಆರಾಮ್ ಇದ್ದೀನಿ ಅಂತಿದ್ರಲ್ಲ?" ಎಂದು ಹಿಂದಿಯಲ್ಲಿ ಕೇಳಿದರು. ಇನ್‌ಹೇಲರ್ ಎಳೆಯುವ ರೀತಿಯನ್ನು ಪರೀಕ್ಷಿಸಿದರು, ರಕ್ತಪರೀಕ್ಷೆ ಬರೆದರು, ತೀವ್ರ ಅಸ್ತಮಾದ ವಿಶೇಷ ವಿಭಾಗಕ್ಕೆ ಚೀಟಿ ಕೊಟ್ಟರು. ಕೇಳದೆ ಸ್ಟೀರಾಯ್ಡ್ ಮಾತ್ರೆ ನುಂಗಬೇಡಿ ಎಂದು ಗದರಿಸಿದರು. "ಇದು ಮೊದಲೇ ಗೊತ್ತಿದ್ದರೆ ಹೋದ ವರ್ಷವೇ ಕಳಿಸುತ್ತಿದ್ದೆ," ಎಂದರು.

ಅಸ್ತಮಾ ಇರುವವರೇ, ಅವರ ಮನೆಯವರೇ, ಜೋರು ಉಬ್ಬಸ ಬಂದ ದಿನ, ತಿಂದ ಮಾತ್ರೆ, ಎಷ್ಟು ದಿನ ತಿಂದಿರಿ ಎಂಬುದನ್ನು ಅಂದೇ ಬರೆದಿಡಿ. ಚೀಟಿಗಳನ್ನು ಎಸೆಯಬೇಡಿ. ಆಸ್ಪತ್ರೆಯ ಪ್ರಶ್ನೆಯನ್ನು ಪೂರ್ತಿ ಓದಿ, ಅರ್ಥವಾಗದಿದ್ದರೆ ಕೇಳಿ, ಆದದ್ದನ್ನು ಆದಂತೆ ಹೇಳಿ. ನೀವು ಹೇಳದೆ ಬಿಟ್ಟ ಉಬ್ಬಸಕ್ಕೆ ಯಾವ ಡಾಕ್ಟರೂ ಔಷಧಿ ಕೊಡಲಾರರು.